ಹಾಲಮ್ಮನ ಎರಡನೇ ಉಸಿರು

ಈ ಊರಿನ ಆಸ್ಪತ್ರೆಯ ಲ್ಯಾಬಿಗೆ ನಾನು ವರ್ಗವಾಗಿ ಬಂದಾಗ ಮೂರು ವಾರ ಯಾರೂ ನನಗೆ ಬಾಡಿಗೆಗೆ ಮನೆ ಕೊಡಲಿಲ್ಲ. ಜಾತಿ ಕೇಳಿದವರಿಲ್ಲ, ಒಂಟಿ ಹೆಂಗಸು ಎಂದು ಹಿಂದೆಮುಂದೆ ನೋಡಿದವರೂ ಇಲ್ಲ. ನನ್ನ ಉಸಿರು ಕೇಳಿಸುವುದಿಲ್ಲ ಎನ್ನುವುದೊಂದೇ ಅವರ ತಕರಾರು.

ಇಲ್ಲಿ ಎಲ್ಲರ ಉಸಿರೂ ಕೇಳಿಸುತ್ತದೆ. ಒಬ್ಬೊಬ್ಬರದು ಒಂದೊಂದು ಸದ್ದು, ಹತ್ತಿಪ್ಪತ್ತು ಮಾರು ದೂರದವರೆಗೂ. ಪೋಸ್ಟ್‌ಮ್ಯಾನ್ ಬಂದರೆ ಮೊರದಲ್ಲಿ ಅಕ್ಕಿ ಕೇರಿದ ಹಾಗಿರುತ್ತದೆ. ನಮ್ಮ ಮುನೀರ್ ಡಾಕ್ಟರದ್ದು ಹಳೆಯ ಹೊಲಿಗೆ ಮಿಷನ್ನನ್ನು ನಿಧಾನವಾಗಿ ತುಳಿದ ಹಾಗೆ. ಆದ್ದರಿಂದ ಯಾರೂ ಬಾಗಿಲು ಬಡಿಯುವುದಿಲ್ಲ, ಒಳಗಿನಿಂದ "ಯಾರು?" ಎಂದು ಕೂಗುವವರೂ ಇಲ್ಲ. ಮಕ್ಕಳು ಕಣ್ಣಾಮುಚ್ಚಾಲೆ ಆಡುವುದಿಲ್ಲ. ಗಂಡ ಹೆಂಡತಿ ಜಗಳವಾಡಿ ಮಾತು ಬಿಟ್ಟರೆ ಇಡೀ ಬೀದಿಗೆ ಗೊತ್ತಾಗುತ್ತದೆ, ಏಕೆಂದರೆ ಮಾತನ್ನು ನುಂಗಬಹುದು, ಸಿಟ್ಟಿನ ಉಸಿರನ್ನು ನುಂಗಲಾಗುವುದಿಲ್ಲ. ಹೊರಗಿನಿಂದ ಬಂದವರಿಗೆ ಸದ್ದು ಹುಟ್ಟಲು ಸುಮಾರು ಒಂದು ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೆ ಅವರು ಬೆಕ್ಕಿನ ಹಾಗೆ ಬಂದು ಬೆನ್ನ ಹಿಂದೆ ನಿಂತು ಜನರನ್ನು ಬೆಚ್ಚಿಬೀಳಿಸುತ್ತಾರೆ. ಒಂದು ಮನೆಯ ಯಜಮಾನರಂತೂ, "ಕಾಲಿಗೆ ಗೆಜ್ಜೆ ಕಟ್ಟಿಕೊಳ್ಳೋದಾದ್ರೆ ನೋಡೋಣ" ಎಂದರು. ನನಗಾಗ ಮೂವತ್ತೊಂಬತ್ತು ವರ್ಷ.

ಆಗ ನನ್ನನ್ನು ಒಳಗೆ ಕರೆದವಳು ಹಾಲಮ್ಮ. ಹೂವಿನ ಮಂಡಿಯ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಮನೆ ಅವಳದು. ಗಂಡ ತೀರಿಕೊಂಡು ಹತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. "ಗೆಜ್ಜೆ ಗಿಜ್ಜೆ ಏನೂ ಬೇಡ ತಾಯಿ. ಬರುವಾಗ ಬಾಗಿಲಲ್ಲಿ ಒಂದು ಸಲ ಕೆಮ್ಮು, ಸಾಕು" ಎಂದು ಒಂದು ಕೋಣೆಯನ್ನು ನನಗೆ ಬಿಟ್ಟುಕೊಟ್ಟಳು. ಹನ್ನೊಂದು ತಿಂಗಳು ನಾನು ಬಾಗಿಲಲ್ಲಿ ಕೆಮ್ಮಿಯೇ ಒಳಗೆ ಹೋದೆ. ನನ್ನ ಉಸಿರಿಗೆ ಮೊದಲ ಸಲ ಸದ್ದು ಬಂದ ದಿನ ಅದನ್ನು ಕೇಳಿದವಳೂ ಅವಳೇ. ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿ, "ಶೈಲಾ, ಒಂದು ಸಲ ಜೋರಾಗಿ ಉಸಿರು ಬಿಡು" ಎಂದಳು. ಬಿಟ್ಟೆ. ಹಿಟ್ಟಿನ ಕೈಯಲ್ಲೇ ನನ್ನ ಕೆನ್ನೆ ಸವರಿ, ಅಕ್ಕಪಕ್ಕದ ನಾಲ್ಕು ಮನೆಗೆ ಬೆಲ್ಲ ಹಂಚಿ ಬಂದಳು. ಸ್ವಂತ ತಂಗಿಗೂ ಯಾರೂ ಅಷ್ಟು ಸಂಭ್ರಮಪಟ್ಟಿರಲಾರರು.

ಹಾಲಮ್ಮನ ಉಸಿರು ಮಜ್ಜಿಗೆ ಕಡೆದ ಹಾಗಿತ್ತು. ಹದವಾಗಿ, ತುಂಬು ಗಡಿಗೆಯಲ್ಲಿ ಕಡೆಗೋಲು ತಿರುಗಿದ ಹಾಗೆ. ಪ್ರಾಯದಲ್ಲಿ ಒಮ್ಮೆ ಟೀಬಿ ಬಂದು ವಾಸಿಯಾಗಿತ್ತು. ಆ ಮೇಲಿಂದ ಉಸಿರಿಗೆ ಸ್ವಲ್ಪ ತೂಕ ಬಂದಿದೆ ಎಂದು ಹಳಬರು ಹೇಳುತ್ತಿದ್ದರು. ಅವಳ ಕೆಲಸ ಮಂಡಿಯ ತಿಪ್ಪೆಯದು. ನಮ್ಮೂರಿನ ಸುತ್ತ ಸೇವಂತಿಗೆ ಬೆಳೆಯುತ್ತಾರೆ. ಮಾರಾಟವಾಗದ ಹೂವೆಲ್ಲ ಮಂಡಿಯ ಹಿಂದೆ ಬಂದು ಬೀಳುತ್ತದೆ. ಅದನ್ನು ಕೊಳೆಸಿ, ವಾರಕ್ಕೊಮ್ಮೆ ಸಲಿಕೆಯಿಂದ ಮೇಲೆ ಕೆಳಗೆ ಮಾಡಿ, ಕಪ್ಪು ಗೊಬ್ಬರವಾದ ಮೇಲೆ ಅದೇ ಬೆಳೆಗಾರರ ಮಡಿಗಳಿಗೆ ಕಳಿಸುವುದು. ಮೂವತ್ತು ವರ್ಷದಿಂದ ಅವಳೊಬ್ಬಳೇ ಮಾಡುತ್ತಿದ್ದಳು. ಬೆಳಿಗ್ಗೆ ಅವಳು ತಿಪ್ಪೆ ತಿರುವುವಾಗ ಒಳಗಿನಿಂದ ಹಬೆ ಏಳುತ್ತಿತ್ತು, ಹಬೆಯ ಜೊತೆ ಬೂದುಹಸಿರಿನ ಪುಡಿಯೂ ಮೇಲೇಳುತ್ತಿತ್ತು. ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಅವಳು ಅದರ ನಡುವೆಯೇ ನಿಂತಿರುತ್ತಿದ್ದಳು.

ನಾನು ಬಂದ ನಾಲ್ಕನೆಯ ವರ್ಷ, ಒಂದು ಬೆಳಿಗ್ಗೆ ಕಾಫಿ ಕಾಯಿಸುವಾಗ, ಆಚೆ ಕೋಣೆಯಲ್ಲಿ ಮಲಗಿದ್ದ ಅವಳ ಉಸಿರಿನ ಹಿಂದೆ ಇನ್ನೊಂದು ಸದ್ದು ಕೇಳಿಸಿತು. ಮಜ್ಜಿಗೆ ಕಡೆದ ಸದ್ದು ಮುಗಿದ ಮೇಲೆ, ಒಂದು ಕ್ಷಣ ತಡವಾಗಿ, ಒಣ ಎಲೆ ಜರುಗಿದ ಹಾಗೆ. ಬೇರೆ ಯಾರೋ ಮನೆಯೊಳಗೆ ಇದ್ದಾರೆ ಎಂದುಕೊಂಡು ಎದ್ದು ಹೋಗಿ ನೋಡಿದೆ. ಅವಳೊಬ್ಬಳೇ ಇದ್ದಳು.

"ಅಕ್ಕಾ, ಎದೇಲಿ ಏನಾದ್ರೂ ಆಗ್ತಿದೆಯಾ?"

"ಏನಿಲ್ಲ ಕಣೆ. ಒಂದಿಷ್ಟು ಕೆಮ್ಮು."

ಎರಡು ವಾರಕ್ಕೆ ಕೆಮ್ಮಿನಲ್ಲಿ ರಕ್ತ ಬಂತು. ಸೀರೆ ಸೊಂಟದಲ್ಲಿ ನಿಲ್ಲದಷ್ಟು ಸೊರಗಿದಳು. ಅಷ್ಟರಲ್ಲಿ ಬೀದಿಗೂ ಸುದ್ದಿ ಹಬ್ಬಿತ್ತು. ಒಬ್ಬ ಮನುಷ್ಯನಿಗೆ ಎರಡು ಉಸಿರು ಎಂದರೆ ಇಲ್ಲಿಯ ಜನಕ್ಕೆ ಅದಕ್ಕಿಂತ ಭಯದ ಮಾತಿಲ್ಲ. ನಲ್ಲಿಯ ಹತ್ತಿರ ಅವಳು ಬಿಂದಿಗೆ ಇಟ್ಟರೆ ಉಳಿದವರು ತಮ್ಮ ಬಿಂದಿಗೆಗಳನ್ನು ಆಚೆ ಎಳೆದುಕೊಳ್ಳತೊಡಗಿದರು. ಹಾಲಮ್ಮ ಅದನ್ನು ನೋಡಿಯೂ ನೋಡದವಳ ಹಾಗೆ ನೀರು ತುಂಬಿಕೊಂಡು ಬಂದು, ಒಳಗೆ ಬಂದ ಮೇಲೆ ಬಿಂದಿಗೆಯನ್ನು ನೆಲಕ್ಕಿಡದೆ ಬಹಳ ಹೊತ್ತು ಸೊಂಟದಲ್ಲೇ ಹಿಡಿದು ನಿಂತಿದ್ದಳು.

ಮುನೀರ್ ಡಾಕ್ಟರು ಎಕ್ಸ್‌ರೇ ತೆಗೆಸಿದರು. ಬಲಗಡೆ ಶ್ವಾಸಕೋಶದ ಮೇಲ್ಭಾಗದಲ್ಲಿ, ಹಳೆಯ ಟೀಬಿ ಕೊರೆದುಹೋಗಿದ್ದ ಗೂಡಿನೊಳಗೆ, ನಿಂಬೆಹಣ್ಣಿನ ಗಾತ್ರದ ಉಂಡೆಯೊಂದು ಕುಳಿತಿತ್ತು. ಅವಳ ಕಫವನ್ನು ನಾನು ಲ್ಯಾಬಿನಲ್ಲಿ ಗಾಜಿನ ತಟ್ಟೆಗೆ ಹಾಕಿದೆ. ನಾಲ್ಕನೇ ದಿನಕ್ಕೆ ಬೂದುಹಸಿರು ಬೂಷ್ಟು ಎದ್ದಿತು. ಮಖಮಲ್ಲಿನ ಹಾಗೆ, ನೋಡಲು ಚೆಂದವೇ.

"ಆಸ್ಪರ್ಜಿಲ್ಲಸ್" ಎಂದರು ಡಾಕ್ಟರು. "ಅಂಥ ಅಪರೂಪದ್ದೇನಲ್ಲ. ಮಾತ್ರೆ ಇದೆ. ಮೂರು ತಿಂಗಳು ತಪ್ಪದೆ ತಗೊಳ್ಳಲಿ."

ಅಂದು ಸಂಜೆ ನಾನು ನಲ್ಲಿಯ ಹತ್ತಿರ ಹೋಗಿ ನಿಂತೆ. ನನಗೆ ಭಾಷಣ ಬರುವುದಿಲ್ಲ. ಆದರೂ ಹೇಳಿದೆ: "ಇದು ಒಬ್ಬರಿಂದ ಒಬ್ಬರಿಗೆ ಅಂಟೋದಲ್ಲ. ಈ ಬೂಷ್ಟು ನಿಮ್ಮ ಬಚ್ಚಲ ಗೋಡೇಲೂ ಇರುತ್ತೆ, ಕಾಳಿನ ಚೀಲದಲ್ಲೂ ಇರುತ್ತೆ. ಅದರ ಪುಡಿ ದಿನಾ ನಿಮ್ಮ ಎದೆಯೊಳಗೂ ಹೋಗುತ್ತೆ. ಗಟ್ಟಿ ಎದೆ ಅದನ್ನ ಆಚೆ ತಳ್ಳುತ್ತೆ. ಅಕ್ಕನ ಎದೇಲಿ ಹಳೇ ಗೂಡಿತ್ತು, ಅಲ್ಲಿ ಕೂತುಬಿಟ್ಟಿದೆ. ಅಷ್ಟೇ." ಮರುದಿನ ಮುಂಜಾನೆ ಬಾಗಿಲು ತೆಗೆದರೆ ಹೊಸಿಲ ಪಕ್ಕ ಎರಡು ಬಿಂದಿಗೆ ನೀರು ತುಂಬಿಸಿಟ್ಟಿತ್ತು. ಆಮೇಲೆ ಒಂದು ದಿನವೂ ಹಾಲಮ್ಮ ನಲ್ಲಿಗೆ ಹೋಗಬೇಕಾಗಲಿಲ್ಲ. ಯಾರು ತಂದಿಡುತ್ತಾರೆಂದು ಉಸಿರಿನಿಂದಲೇ ನಮಗೆ ಗೊತ್ತಾಗುತ್ತಿತ್ತು; ಆದರೂ ಕೇಳಿಸದವರ ಹಾಗೆ ಒಳಗೇ ಇರುತ್ತಿದ್ದೆವು.

ಮೂರು ತಿಂಗಳು ಮಾತ್ರೆ ನುಂಗಿದಳು. ವಾಂತಿಯಾಯಿತು, ಕಾಲು ಊದಿತು, ಒಂದು ಹೊತ್ತೂ ತಪ್ಪಿಸಲಿಲ್ಲ. ಎರಡನೇ ಉಸಿರು ಮಾತ್ರ ಇಳಿಯಲಿಲ್ಲ. ಮೊದಲನೆಯದನ್ನೇ ಮೆಲ್ಲಮೆಲ್ಲಗೆ ಒತ್ತತೊಡಗಿತು. ಕಡೆಗೋಲಿನ ಸದ್ದು ಸಣ್ಣದಾಗಿ, ಒಣ ಎಲೆಯ ಸದ್ದು ದೊಡ್ಡದಾಗುತ್ತ ಬಂದಾಗ ನಾನು ಒಂದು ಕೆಲಸ ಮಾಡಿದೆ. ಗಾಜಿನ ತಟ್ಟೆಯಲ್ಲಿ ಬೂಷ್ಟು ಬೆಳೆಸುವ ಗಂಜಿಗೆ ಅವಳು ನುಂಗುತ್ತಿದ್ದ ಔಷಧಿಯನ್ನೇ ಬೆರೆಸಿ, ಅದರ ಮೇಲೆ ಅವಳ ಬೂಷ್ಟನ್ನು ಬಿತ್ತಿದೆ. ಸಾಯಬೇಕಾಗಿದ್ದದ್ದು ಔಷಧಿಯ ಮೇಲೆಯೇ ಹಸಿರಾಗಿ ಹರಡಿಕೊಂಡಿತು. ಬಾಯಿಗೆ ಬಟ್ಟೆ ಕಟ್ಟಿಕೊಂಡು ಮಂಡಿಯ ತಿಪ್ಪೆಯಿಂದ ಒಂದು ಹಿಡಿ ತಂದು ಅದನ್ನೂ ಹಾಗೆಯೇ ಪರೀಕ್ಷಿಸಿದೆ. ಅದೂ ಬೆಳೆಯಿತು. ಊರಾಚೆಯ ಸೇತುವೆ ದಾಟಿ, ಯಾರೂ ಬೇಸಾಯ ಮಾಡದ ದಿಣ್ಣೆಯಿಂದ ತರಗೆಲೆಯ ಮಣ್ಣು ತಂದು ನೋಡಿದೆ. ಆ ಬೂಷ್ಟು ಔಷಧಿ ಕಂಡ ಕೂಡಲೇ ಸತ್ತುಹೋಯಿತು.

ಮುನೀರ್ ಡಾಕ್ಟರು ಮೂರು ತಟ್ಟೆಗಳನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಕುರ್ಚಿಯಲ್ಲಿ ಕುಳಿತರು. "ಸೇವಂತಿಗೆಗೆ ಚುಕ್ಕೆ ರೋಗ ಬರಬಾರದು ಅಂತ ಹೊಡೀತಾರಲ್ಲ, ಆ ಔಷಧಿನೂ ನಮ್ಮ ಮಾತ್ರೆನೂ ಒಂದೇ ಮನೆತನದವು ಶೈಲಜಾ. ಹೂವಿನ ಜೊತೆ ಔಷಧಿ ತಿಪ್ಪೆಗೆ ಬರುತ್ತೆ. ತಿಪ್ಪೆಯೊಳಗಿನ ಬೂಷ್ಟು ವರ್ಷಗಟ್ಟಲೆ ಅದನ್ನ ತಿಂದೂ ತಿಂದೂ ಪಳಗಿಬಿಟ್ಟಿದೆ. ಇನ್ನು ನಾನು ಯಾವ ಮಾತ್ರೆ ಕೊಟ್ಟು ಏನು ಪ್ರಯೋಜನ?" ತಟ್ಟೆಗಳನ್ನು ಮೇಜಿನ ಮೇಲಿಟ್ಟು, "ದೊಡ್ಡ ಊರಿಗೆ ಕರ್ಕೊಂಡು ಹೋಗಿ ಆ ಭಾಗವನ್ನೇ ಕೊಯ್ದು ತೆಗೆಸಬೇಕು. ಅವಳಿಗಿರೋ ಶಕ್ತಿಗೆ ಇನ್ನೊಂದು ತಿಂಗಳು ಬಿಟ್ಟರೆ ಅದೂ ಆಗಲ್ಲ" ಎಂದರು. ಅವತ್ತೇ ಮೂರು ಕಡೆ ಕಾಗದ ಬರೆದರು, ಊಟ ಬಿಟ್ಟು ಫೋನ್ ಹಿಡಿದು ಕುಳಿತರು. ನಾಲ್ಕನೇ ದಿನ ದಿನಾಂಕ ಸಿಕ್ಕಿತು. ಆ ನಾಲ್ಕು ದಿನ ಅವರ ಹೊಲಿಗೆ ಮಿಷನ್ ಎಷ್ಟು ಜೋರಾಗಿ ಓಡಿತೆಂದರೆ ವಾರ್ಡಿನ ರೋಗಿಗಳೇ ಅವರಿಗೆ ಕೂತುಕೊಳ್ಳಿ ಎನ್ನುತ್ತಿದ್ದರು.

ನಾನು ಸುಮ್ಮನಿರಬಹುದಿತ್ತು. ಇರಲಾಗಲಿಲ್ಲ. ಹೊರಡುವ ಮುಂಚೆ ಮಂಡಿಗೆ ಹೋಗಿ, ಬೆಳೆಗಾರರು ಬುಟ್ಟಿ ಇಳಿಸುವ ಹೊತ್ತಿಗೆ ಆ ಎರಡು ಹಸಿರು ತಟ್ಟೆಗಳನ್ನೂ ಭದ್ರವಾಗಿ ಮುಚ್ಚಿ ತೋರಿಸಿದೆ. ಡಾಕ್ಟರು ಹೇಳಿದ್ದನ್ನೇ ಹೇಳಿದೆ. ಎಲ್ಲರಿಗಿಂತ ಹೆಚ್ಚು ಸೇವಂತಿಗೆ ಬೆಳೆಯುವವನು ಓಬಳಪ್ಪ. ಅರವತ್ತರ ಹತ್ತಿರದ ಗಟ್ಟಿ ಆಳು, ಉಸಿರು ಕುಲುಮೆಯ ತಿದಿ ಒತ್ತಿದ ಹಾಗೆ. ಅವನು ಮುಂದೆ ಬಂದ.

"ನಾನು ಔಷಧಿ ಹೊಡೆಯೋದು ಹೂವಿಗೆ ಕಣಮ್ಮ. ಹಾಲಮ್ಮನ ಎದೆಗೆ ಹೊಡೆದೆನಾ?"

"ಬೇಕು ಅಂತ ಹೊಡೆದ್ರಿ ಅಂದೆನಾ ನಾನು?"

"ಮತ್ತೆ? ಹೊಡೀದೆ ಬಿಟ್ರೆ ಹೂವೆಲ್ಲ ಚುಕ್ಕೆ ಬೀಳುತ್ತೆ. ನಾವು ಮಣ್ಣು ತಿನ್ನಬೇಕಾ?" ಬಾಯಿ ಸಿಟ್ಟು ಮಾಡುತ್ತಿತ್ತು, ಆದರೆ ತಿದಿ ಎರಡು ಸಲ ಒತ್ತಿ ಮೂರನೇ ಸಲ ತಡವರಿಸುತ್ತಿತ್ತು. ಅದು ಹೆದರಿಕೆಯ ಉಸಿರು ಎಂದು ಮಂಡಿಯಲ್ಲಿ ನಿಂತವರಿಗೆಲ್ಲ ಗೊತ್ತಾಯಿತು. ಗೊತ್ತಾಗಿದೆ ಎನ್ನುವುದು ಅವನಿಗೂ ತಿಳಿಯಿತು. ಬುಟ್ಟಿಯನ್ನು ಅಲ್ಲೇ ಬಿಟ್ಟು ಹೊರಟುಹೋದ.

ಮನೆಗೆ ಬಂದು ಹೇಳಿದರೆ ಹಾಲಮ್ಮ ನನಗೇ ಬೈದಳು. "ಅವನೇನು ಮಾಡ್ಯಾನು? ಮೂವತ್ತು ವರ್ಷ ಅವನ ಹೂವು ಕೊಳೆಸಿ ಬದುಕಿದೀನಿ ನಾನು. ಟೀಬಿ ಬಂದಾಗ ದಿನಾ ಹಾಲು ಕಳಿಸಿದವರು ಅವನ ಮನೆಯೋರು. ಅದನ್ನ ಹೇಳಿದೆಯಾ ಮಂಡೀಲಿ?" ನನಗೆ ಅದು ಗೊತ್ತಿರಲಿಲ್ಲ.

ಹಾಲಮ್ಮ ಹುಟ್ಟಿದಾಗಿನಿಂದ ಸೇತುವೆ ದಾಟಿರಲಿಲ್ಲ. ಸೇತುವೆಯ ಆಚೆಗೆ ನಮ್ಮ ಊರಿನವರ ಉಸಿರಿಗೂ ಸದ್ದಿರುವುದಿಲ್ಲ. ಅಲ್ಲಿ ಎಲ್ಲರಂತೆ ನಾವೂ. ನಾನು ಅದನ್ನು ಮೊದಲೇ ಹೇಳಿದ್ದೆ. ಆದರೂ ಬಸ್ಸು ಸೇತುವೆ ದಾಟಿ ಎರಡೂ ಸದ್ದು ಒಟ್ಟಿಗೆ ನಿಂತುಹೋದಾಗ ಅವಳು ನನ್ನ ತೋಳನ್ನು ಉಗುರು ಇಳಿಯುವಷ್ಟು ಬಿಗಿಯಾಗಿ ಹಿಡಿದಳು. "ಶೈಲಾ, ಹೋಯ್ತು ಕಣೆ. ನಿಂತೇಹೋಯ್ತು."

"ನಿಂತಿದ್ರೆ ನೀನು ಮಾತಾಡೋದು ಹೆಂಗಕ್ಕ?"

ಅವಳು ಯೋಚಿಸಿದಳು. ಆಮೇಲೆ ಮೂಗಿನ ಕೆಳಗೆ ಬೆರಳಿಟ್ಟುಕೊಂಡು ನೋಡಿದಳು. ದಾರಿಯುದ್ದಕ್ಕೂ, ಸುಮಾರು ಐದು ತಾಸು, ನಡುನಡುವೆ ಬೆರಳಿಟ್ಟುಕೊಂಡು ನೋಡುತ್ತಲೇ ಇದ್ದಳು. ಕೊನೆಗೆ ನಗು ಬಂದು, "ಈ ಜನ ಹೆಂಗಪ್ಪ ಬದುಕ್ತಾರೆ, ಇದ್ದಾರೋ ಇಲ್ವೋ ಅಂತಾನೇ ಗೊತ್ತಾಗಲ್ವಲ್ಲ" ಎಂದಳು.

ದೊಡ್ಡ ಊರಿನ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ರಕ್ತ ಬೇಕೆಂದರು. ಅವಳ ಗುಂಪಿನದು ಸುಲಭಕ್ಕೆ ಸಿಗುವಂಥದ್ದಲ್ಲ. ನನ್ನದು ಹೊಂದುವುದಿಲ್ಲ. ಮುನೀರ್ ಡಾಕ್ಟರಿಗೆ ಫೋನ್ ಮಾಡಿ ಹೇಳಿ, ಕಾರಿಡಾರಿನ ಬೆಂಚಿನ ಮೇಲೆ ತಲೆ ತಗ್ಗಿಸಿ ಕುಳಿತಿದ್ದೆ. ಮರುದಿನ ಹತ್ತು ಗಂಟೆಯ ಹೊತ್ತಿಗೆ ಯಾರೋ ಪಕ್ಕದಲ್ಲಿ ನಿಂತ ಹಾಗಾಯಿತು. ಬೆಚ್ಚಿ ನೋಡಿದರೆ ಓಬಳಪ್ಪ. ಸದ್ದಿಲ್ಲದ ಓಬಳಪ್ಪನನ್ನು ನಾನು ಎಂದೂ ನೋಡಿರಲಿಲ್ಲ. ಮುಖವೆಲ್ಲ ಚಿಕ್ಕದಾಗಿ ಕಂಡಿತು. ಅವನ ಹಿಂದೆ ಮಂಡಿಯ ಇನ್ನೂ ಇಬ್ಬರು ಬೆಳೆಗಾರರು.

"ಡಾಕ್ಟರು ಮಂಡಿಗೆ ಬಂದು ಯಾರದಾದ್ರೂ ಹೊಂದುತ್ತಾ ಅಂತ ಕೇಳಿದ್ರು" ಎಂದ. "ನಮ್ಮ ಮೂರು ಜನದ್ದು ಹೊಂದುತ್ತಂತೆ. ಯಾವ ಕೋಣೆಗೆ ಹೋಗಬೇಕು?"

ನಾನು ಕೈ ತೋರಿಸಿದೆ. ರಕ್ತ ಕೊಟ್ಟು ಬಂದು, ತೋಳಿಗೆ ಹತ್ತಿ ಅಂಟಿಸಿಕೊಂಡು, ಅದೇ ಬೆಂಚಿನ ಮೇಲೆ ಮೂವರೂ ಕುಳಿತರು. ಐದೂವರೆ ಗಂಟೆಯ ಆಪರೇಷನ್. ನಡುವೆ ಒಬ್ಬ ಚಹಾ ತಂದ, ಯಾರೂ ಪೂರ್ತಿ ಕುಡಿಯಲಿಲ್ಲ. ಕೊಯ್ದ ಸರ್ಜನ್ ಹೊರಗೆ ಬಂದು, ಬಲಗಡೆಯ ಮೇಲಿನ ಭಾಗ ತೆಗೆದಿದ್ದೇವೆ, ಬೂಷ್ಟಿನ ಉಂಡೆ ಒಡೆಯದೆ ಇಡಿಯಾಗಿ ಬಂತು ಎಂದಾಗ ನಾನು ಅವರ ಕಾಲಿಗೆ ಬಿದ್ದೆ. ಆ ಸರ್ಜನ್ ಇಪ್ಪತ್ತೆಂಟು ಮೂವತ್ತರ ಹುಡುಗಿ. ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದಳು. ಅವಳ ಹೆಸರು ಕೇಳುವುದಕ್ಕೂ ನನಗೆ ಹೊಳೆಯಲಿಲ್ಲ. ಇವತ್ತಿಗೂ ದೀಪ ಹಚ್ಚುವಾಗ ಹೆಸರಿಲ್ಲದೆಯೇ ಅವಳನ್ನು ನೆನೆಯುತ್ತೇನೆ.

ಮೂರನೇ ದಿನ ಹಾಲಮ್ಮ ಸರಿಯಾಗಿ ಕಣ್ಣು ಬಿಟ್ಟಳು. ಮಾತಾಡಲು ಶಕ್ತಿಯಿಲ್ಲ. ನನ್ನ ಕೈಯನ್ನು ಹಿಡಿದು ಎದೆಯ ಎಡಭಾಗಕ್ಕೆ ಇಟ್ಟುಕೊಂಡು ಹುಬ್ಬು ಮೇಲೆತ್ತಿದಳು. "ಇದೆ ಅಕ್ಕ, ಬರ್ತಾ ಇದೆ, ಹೋಗ್ತಾ ಇದೆ" ಎಂದೆ. ಬಾಗಿಲಲ್ಲಿ ನಿಂತಿದ್ದ ಓಬಳಪ್ಪನನ್ನು ಆಮೇಲೆ ನೋಡಿದಳು. ಅವನು ಒಳಗೆ ಬರಲಿಲ್ಲ. ಅಲ್ಲಿಂದಲೇ, "ಹಾಲಮ್ಮ, ನಿನ್ನ ಎಮ್ಮೆಗೆ ಮೇವು ಹಾಕಿಸಿದೀನಿ" ಎಂದ. ಅವಳ ಕಣ್ಣಲ್ಲಿ ನಗು ಕಂಡಿತು. ಅವಳಿಗೆ ಎಮ್ಮೆಯೇ ಇರಲಿಲ್ಲ. ಎರಡು ವರ್ಷದ ಹಿಂದೆಯೇ ಮಾರಿದ್ದಳು. ಏನಾದರೂ ಹೇಳಬೇಕಲ್ಲ ಎಂದು ಬಾಯಿಗೆ ಬಂದದ್ದನ್ನು ಹೇಳಿದ್ದ.

ಇಪ್ಪತ್ತಾರನೇ ದಿನ ಊರಿಗೆ ಹೊರಟೆವು. ಸೇತುವೆ ಹತ್ತಿರವಾಗುತ್ತಿದ್ದ ಹಾಗೆ ಬಸ್ಸಿನಲ್ಲಿದ್ದ ನಮ್ಮೂರಿನವರೆಲ್ಲ ಮಾತು ನಿಲ್ಲಿಸಿದರು. ಡ್ರೈವರನೂ ನಮ್ಮವನೇ, ಸೇತುವೆ ದಾಟಿದವನೇ ಗಾಡಿಯನ್ನು ಪಕ್ಕಕ್ಕೆ ಹಾಕಿ ಎಂಜಿನ್ ಆರಿಸಿದ. ಒಬ್ಬೊಬ್ಬರ ಸದ್ದೂ ಎದ್ದಿತು. ಹಾಲಮ್ಮನದು ಕೊನೆಗೆ. ಮಜ್ಜಿಗೆ ಕಡೆದ ಸದ್ದೇ, ಆದರೆ ಮೊದಲಿನ ತುಂಬು ಗಡಿಗೆಯಲ್ಲ, ಸಣ್ಣ ಕುಡಿಕೆಯಲ್ಲಿ ಕಡೆದ ಹಾಗೆ, ಬೇಗ ಬೇಗ. ಅದು ಮುಗಿದ ಮೇಲೆ ನಾವೆಲ್ಲ ಕಾದೆವು. ಹಿಂದೆ ಏನೂ ಬರಲಿಲ್ಲ. ಇನ್ನೊಂದು ಉಸಿರು, ಅದರ ಹಿಂದೆಯೂ ಏನಿಲ್ಲ. ಮುಂದಿನ ಸೀಟಿನ ಮುದುಕಿಯೊಬ್ಬಳು ಹಿಂದೆ ತಿರುಗಿ, ಗುರುತಿಲ್ಲ ಪರಿಚಯವಿಲ್ಲ, ಹಾಲಮ್ಮನ ತಲೆ ಮೇಲೆ ಕೈಯಿಟ್ಟಳು.

ಹಾಲಮ್ಮ ಇನ್ನು ತಿಪ್ಪೆಯ ಕಡೆ ತಲೆ ಹಾಕಬಾರದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಮಂಡಿಯವರು ಸೇರಿ ಒಂದು ಮಾತಿಗೆ ಬಂದರು. ತಿಪ್ಪೆಯನ್ನು ಇನ್ನು ಮೇಲೆ ನೀರು ಹೊಡೆದು ನೆನೆಸಿಯೇ ತಿರುವುವುದು, ತಿರುವುವವರು ಮೂಗು ಬಾಯಿಗೆ ದಪ್ಪ ಮಾಸ್ಕ್ ಕಟ್ಟುವುದು, ಎದೆ ಕೆಟ್ಟವರು ಹತ್ತಿರ ಸುಳಿಯಬಾರದು. ಹೂವಿಗೆ ಹೊಡೆಯುವ ಔಷಧಿಯ ವಿಷಯದಲ್ಲಿ ಒಮ್ಮತವಾಗಲಿಲ್ಲ. ಹಾಲಮ್ಮನನ್ನೂ ಕರೆದಿದ್ದರು. "ನೀನೇ ಹೇಳು" ಎಂದರು. ಅವಳು ಎದ್ದು ನಿಂತು, ಉಸಿರು ಸಾಲದೆ ನಡುನಡುವೆ ನಿಲ್ಲಿಸಿ ಹೇಳಿದಳು: "ನಾನು ಬದುಕಿ ಬಂದೆ. ನೀವು ರಕ್ತ ಕೊಟ್ರಿ, ನೀರು ತಂದಿಟ್ರಿ. ಇನ್ನೇನು ಕೇಳಲಿ? ಆದರೆ ನನಗಿದ್ದದ್ದು ಕೊಯ್ದು ತೆಗೆಯೋ ಜಾಗದಲ್ಲಿತ್ತು. ಎಲ್ಲರಿಗೂ ಹಂಗಿರಲ್ಲ ಅಂತಾರೆ ಡಾಕ್ಟ್ರು. ನಾಳೆ ನಿಮ್ಮ ಮನೇಲಿ ಒಬ್ಬರಿಗೆ ಬಂದ್ರೆ ಅವರ ಮಾತ್ರೆ ಕೆಲಸ ಮಾಡಲಿ. ಅಷ್ಟಕ್ಕೆ ಏನು ಮಾಡೋಕಾಗುತ್ತೋ ನೋಡಿ." ಕೆಲವರು ರೋಗ ಕಂಡ ಮೇಲೆ ಮಾತ್ರ ಹೊಡೆಯುತ್ತೇವೆಂದರು. ಕೆಲವರು ತಲೆಯಾಡಿಸಿ ಮೊದಲಿನ ಹಾಗೇ ಹೊಡೆದರು. ಓಬಳಪ್ಪ ಅಂದು ಬಾಯಿಯನ್ನೇ ಬಿಡಲಿಲ್ಲ.

ಮುಂದಿನ ಸೇವಂತಿಗೆ ಕಾಲ ಬಂತು. ಒಂದು ಬೆಳಿಗ್ಗೆ ಹಾಲಮ್ಮ ಜಗಲಿಯಲ್ಲಿ ಬಿಸಿಲು ಕಾಯಿಸುತ್ತ ಕುಳಿತಿದ್ದಳು, ನಾನು ಲ್ಯಾಬಿಗೆ ಹೊರಡಲು ತಲೆ ಬಾಚುತ್ತಿದ್ದೆ. ಬೀದಿಯ ತುದಿಯಿಂದ ತಿದಿಯ ಸದ್ದು ಬಂತು. ಓಬಳಪ್ಪ ತಲೆ ಮೇಲಿನ ಬುಟ್ಟಿಯನ್ನು ಮೆಟ್ಟಿಲ ಮೇಲೆ ಇಳಿಸಿದ. ಹಳದಿ ಸೇವಂತಿಗೆ. ಆದರೆ ಎಸಳಿನ ಮೇಲೆಲ್ಲ ಕಂದು ಚುಕ್ಕೆ, ಎಳ್ಳು ಚೆಲ್ಲಿದ ಹಾಗೆ.

"ಕೆರೆ ಪಕ್ಕದ ಮಡಿದು" ಎಂದ. "ಈ ಸಲ ಅದಕ್ಕೆ ಒಂದು ಹನಿ ಹೊಡೆದಿಲ್ಲ. ನೋಡು, ಹೆಂಗಾಗಿವೆ. ಮಂಡೀಲಿ ಮುಟ್ಟೋರಿಲ್ಲ."

"ಮತ್ತೆ ನನ್ನ ಹತ್ರ ಯಾಕಪ್ಪ ತಂದೆ?"

"ನಿನಗೆ ಮೊದಲು ತೋರಿಸೋಣ ಅನ್ನಿಸ್ತು."

ಹಾಲಮ್ಮ ಒಂದು ಹೂವನ್ನು ತೆಗೆದು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದಳು. ಒಳಗೆ ಹೋಗಿ ದಾರದ ಉಂಡೆ ತಂದಳು. "ಚುಕ್ಕೆ ಇದ್ರೆ ಏನು, ಹೂವಲ್ವಾ?" ಎಂದು ಕಟ್ಟುತ್ತ ಕುಳಿತಳು. ಎದುರು ಮನೆಯವಳು ಬಂದು ಕೂತಳು, ಅವಳ ಹಿಂದೆ ನಲ್ಲಿಯಿಂದ ಬರುತ್ತಿದ್ದ ಇಬ್ಬರು ಬಿಂದಿಗೆ ಇಳಿಸಿ ಕೂತರು. ಮಾರುಗಟ್ಟಲೆ ಕಟ್ಟಿದರು. ಹಾಲಮ್ಮ ನನ್ನ ಜಡೆಗೆ ಒಂದು ತುಂಡು, ಎದುರು ಮನೆಯವಳಿಗೆ ಒಂದು, ಬೀದಿಯಲ್ಲಿ ಹೋಗುವವರನ್ನೆಲ್ಲ ಕೂಗಿ ಕೂಗಿ ಕೊಟ್ಟಳು. ಮಧ್ಯಾಹ್ನ ಲ್ಯಾಬಿಗೆ ರಕ್ತ ಪರೀಕ್ಷೆಗೆಂದು ಬಂದ ಏಳು ಜನ ಹೆಂಗಸರಲ್ಲಿ ಐದು ಜನ ಚುಕ್ಕೆ ಸೇವಂತಿಗೆ ಮುಡಿದಿದ್ದರು.

ಆದರೆ ನಾನು ಹೇಳಬೇಕೆಂದಿರುವುದು ಬೆಳಗಿನ ಮಾತು. ಅರ್ಧ ಬುಟ್ಟಿ ಖಾಲಿಯಾಗುವವರೆಗೂ ಓಬಳಪ್ಪ ಮೆಟ್ಟಿಲ ಮೇಲೆಯೇ ಕೂತಿದ್ದ. ಏಳುವ ಮೊದಲು, ಯಾರ ಮುಖವನ್ನೂ ನೋಡದೆ, "ಘಮ ಏನಾದ್ರೂ ಇದೆಯಾ, ಅದೂ ಹೋಯ್ತಾ?" ಎಂದು ಕೇಳಿದ.

ಹಾಲಮ್ಮ ಕಟ್ಟುತ್ತಿದ್ದ ಹೂವನ್ನು ಮೂಗಿನ ಹತ್ತಿರ ಹಿಡಿದಳು. ಜಗಲಿಯಲ್ಲಿ ಕೂತವರೆಲ್ಲ ಕೈ ನಿಲ್ಲಿಸಿದೆವು. ಅವಳು ಕಣ್ಣು ಮುಚ್ಚಿ, ತನಗೆ ಉಳಿದಿರುವ ಎದೆ ತುಂಬುವಷ್ಟು ಉಸಿರು ಎಳೆದುಕೊಂಡಳು. ಅದು ಒಳಗೆ ಹೋಯಿತು, ಎಲ್ಲಿಯೂ ತೊಡರಲಿಲ್ಲ, ನಿಧಾನವಾಗಿ ಹೊರಗೆ ಬಂತು.

"ಇದೆ ಕಣಪ್ಪ" ಎಂದಳು. "ಚೆನ್ನಾಗಿದೆ."